ಬಾಳೆಕಂದಿನ ಅಗಲ

ಆವುಲಪ್ಪನ ಮನೆಯ ಮುಂಗೋಡೆ ಬೀಳಬೇಕೋ ಉಳಿಯಬೇಕೋ ಎಂಬ ಪ್ರಶ್ನೆ ಒಂದು ಕಾಲದಲ್ಲಿ ಮದರಾಸಿನ ಕಚೇರಿಯಿಂದ ಹಿಡಿದು ಸೂಳಗಿರಿಯ ಟೀ ಅಂಗಡಿಯವರೆಗೆ ಎಲ್ಲರ ಬಾಯಲ್ಲೂ ಓಡಾಡಿತು ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಆದರೆ ಅಷ್ಟೆಲ್ಲ ರಾದ್ಧಾಂತವಾದದ್ದು ಎರಡು ಬಾಳೆಕಂದುಗಳಿಗೋಸ್ಕರ ಎಂದು ಹೇಳಿದಾಗಲೂ ಹೀಗೇ ಮೂಗು ಮುರಿದರೆ ಮಾತ್ರ ನಾನು ಸುಮ್ಮನಿರುವವನಲ್ಲ.

ಎಂಬತ್ತರ ದಶಕದ ಮೊದಮೊದಲ ವರ್ಷಗಳು ಅವು. ಹೊಸೂರಿನ ಸುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಫ್ಯಾಕ್ಟರಿಗಳ ಶೆಡ್ಡುಗಳು ಏಳುತ್ತಿದ್ದವು. ಮದರಾಸಿನಿಂದ ಅಲ್ಲಿಗೆ ಭಾರಿ ಯಂತ್ರಗಳನ್ನು ಸಾಗಿಸುವ ಉದ್ದನೆಯ ಟ್ರೈಲರ್ ಗಾಡಿಗೆ ಆವುಲಪ್ಪ ಡ್ರೈವರು. ಅವನ ಊರು ಹುಣಸೇಪಾಳ್ಯ. ಸೂಳಗಿರಿ ದಾಟಿ ಸಾನಮಾವಿನ ಕಾಡು ಹತ್ತುವುದಕ್ಕೆ ಮುಂಚೆ, ಹೆದ್ದಾರಿಯಿಂದ ಕವಲೊಡೆದ ಹಳೇ ರಸ್ತೆಯ ಡೊಂಕಿನಲ್ಲಿ ಸಿಗುತ್ತದೆ. ಸಿಗುತ್ತದೆ ಎಂದರೆ ನಮಗೆ ನಿಮಗೆ ಸಿಗುತ್ತದೆ. ಆವುಲಪ್ಪನಿಗೆ ಸಿಗುತ್ತಿದ್ದದ್ದು ಅಪರೂಪ. ದೊಡ್ಡ ಲೋಡಿನ ಗಾಡಿ ಎತ್ತಿನ ಗಾಡಿಗಿಂತ ನಿಧಾನ, ಒಂದು ಲೋಡು ಇಳಿಸುವಷ್ಟರಲ್ಲಿ ಇನ್ನೊಂದು ಕಾದಿರುತ್ತಿತ್ತು. "ನಮ್ಮ ಮನೆಯವ್ನು ಬಂದ್ರೆ ನಮ್ಮ ನಾಯೇ ಬೊಗಳ್ತದೆ ಕಣಕ್ಕಾ, ಯಾರೋ ಹೊಸಬ ಅಂತ," ಎಂದು ಅವನ ಹೆಂಡತಿ ವರಲಕ್ಷ್ಮಮ್ಮ ನೀರಿನ ಬಾವಿಯ ಹತ್ತಿರ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ತಾನೂ ನಗುತ್ತಿದ್ದಳು, ಸ್ವಲ್ಪ ಕಡಿಮೆ.

ಬಂದಾಗಲೆಲ್ಲ ಆವುಲಪ್ಪ ಮಾಡುತ್ತಿದ್ದ ಕೆಲಸ ಒಂದೇ, ಗೋಡೆ ಕಟ್ಟುವುದು. ಮನೆ ವರಲಕ್ಷ್ಮಮ್ಮನ ಅಪ್ಪ ಕೊಟ್ಟದ್ದು, ಅವಳ ಹೆಸರಿನಲ್ಲೇ ಇತ್ತು. ರಸ್ತೆಗೆ ಮುಖ ಮಾಡಿದ ಮುಂಭಾಗದಲ್ಲಿ ನಾಲ್ಕು ಮರದ ಕಂಬಗಳ ಮೇಲೆ ಹೆಂಚಿನ ಸೂರಿತ್ತೇ ಹೊರತು ಗೋಡೆಯಿರಲಿಲ್ಲ. ಹೋಗುವ ಬರುವವರ ಕಣ್ಣೆಲ್ಲ ಒಳಗೆ. ಹೆಂಗಸೊಬ್ಬಳೇ ಇರುವ ಮನೆ ಹೀಗೆ ಬಾಯಿ ತೆರೆದುಕೊಂಡಿದ್ದರೆ ದೂರದಲ್ಲಿ ಗಾಡಿ ಓಡಿಸುವವನಿಗೆ ನಿದ್ದೆ ಹೇಗೆ ಬರಬೇಕು? ಬೆಟ್ಟದ ಬುಡದಿಂದ ಕಲ್ಲು ಹೊತ್ತು ತಂದು, ಕಂಬಗಳ ಹೊರಗೆ, ಒಂದೂವರೆ ಅಡಿ ದಪ್ಪದ ಗೋಡೆಯನ್ನು ಅವನೇ ಎಬ್ಬಿಸಿದ. ಅವಳು ಮಣ್ಣು ಕಲಸಿ ಕೊಡುತ್ತಿದ್ದಳು. ಅವರಿಬ್ಬರ ಜಗಳ, ಕೀಟಲೆ, ಸಂಸಾರ ಎಲ್ಲವೂ ಆ ಕಲ್ಲು ಮಣ್ಣಿನ ನಡುವೆಯೇ ಆಗಿದ್ದು. ಆ ವರ್ಷ ಯುಗಾದಿಗೆ ಗೋಡೆ ಮುಗಿಯಿತು. ಅದರಲ್ಲಿ ಒಂದು ಕಿಟಕಿ, ಕಿಟಕಿಗೆ ಹಸಿರು ಬಣ್ಣ.

ಇನ್ನು ಬಾಳೆಕಂದಿಗೆ ಬರೋಣ. ಹೊಸೂರಿನ ಒಂದು ಫ್ಯಾಕ್ಟರಿಗೆ ಹೋಗಬೇಕಾದ ಬಾಯ್ಲರನ್ನು ಮದರಾಸಿನ ಯಾರ್ಡಿನಲ್ಲಿ ಆವುಲಪ್ಪನ ಟ್ರೈಲರಿಗೆ ಏರಿಸಿದ ದಿನವೇ ಆಯುಧಪೂಜೆ. ಕುಂಬಳಕಾಯಿ ಒಡೆದದ್ದಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟದ್ದಾಯಿತು, ಬಾಯ್ಲರಿಗೆ ವಿಭೂತಿ ಬಳಿದು ಎರಡೂ ಮಗ್ಗುಲಿಗೆ ಎರಡು ಕೊಬ್ಬಿದ ಬಾಳೆಕಂದು ಕಟ್ಟಿದ್ದಾಯಿತು. ಅಷ್ಟರಲ್ಲಿ ಅಳತೆಯ ಸಾಹೇಬರು ಬಂದರು. ರಜೆಗಳು ಶುರುವಾಗುವುದಕ್ಕೆ ಮುಂಚೆ ಅಳತೆ ಮುಗಿಸಿ ಪರ್ಮಿಟ್ಟು ಕೊಡಬೇಕು. ಆದರೆ ಅವರ ಆಫೀಸಿನ ಟೇಪು ಅರಿಶಿನ ಕುಂಕುಮ ಇಟ್ಟುಕೊಂಡು ಪೂಜೆಗೆ ಕೂತಿತ್ತು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವ ಹಾಗಿಲ್ಲ. ಸಾಹೇಬರು ಒಂದು ಹಗ್ಗ ತರಿಸಿದರು. ಬಾಳೆಕಂದು ಅಡ್ಡ ಬಂತು. ಅದನ್ನು ಸ್ವಲ್ಪ ಬಿಚ್ಚು ಎಂದರು.

"ಸಾರ್, ಕಾಲಿಗೆ ಬೀಳ್ತೀನಿ," ಎಂದ ಆವುಲಪ್ಪ. "ಪೂಜೆ ಆದ ಕಂದು ಅವತ್ತೇ ಕಿತ್ರೆ ಗಾಡಿಗೆ ಒಳ್ಳೇದಾಗಲ್ಲ. ಹಂಗೇ ಅಳ್ಕಳಿ."

ಸಾಹೇಬರೂ ದೇವರಿಗೆ ಹೆದರುವವರೇ. ಹಂಗೇ ಅಳೆದುಕೊಂಡರು, ಈ ಕಡೆಯ ಎಲೆಯ ತುದಿಯಿಂದ ಆ ಕಡೆಯ ಎಲೆಯ ತುದಿಗೆ. ಬಾಯ್ಲರಿನ ನಿಜವಾದ ಅಗಲ ಹನ್ನೊಂದೂವರೆ ಅಡಿ. ಪರ್ಮಿಟ್ಟಿನಲ್ಲಿ ಬಿದ್ದದ್ದು: ಒಂದೇ ತುಂಡಿನ ಉಕ್ಕಿನ ಬಾಯ್ಲರ್, ಅಗಲ ಹದಿನಾಲ್ಕು ಅಡಿ. ಅದರ ಕೆಳಗೆ ಷರತ್ತುಗಳು. ಹಗಲು ಮಾತ್ರ ಓಡಿಸಬೇಕು, ಲೋಡಿನ ಅಳತೆ ದಾರಿಯುದ್ದಕ್ಕೂ ಬದಲಾಗಕೂಡದು, ಲೋಡು ಇಳಿಸುವವರೆಗೆ ಗಾಡಿಯನ್ನು ಬಿಟ್ಟು ಡ್ರೈವರು ಎಲ್ಲೂ ಹೋಗಕೂಡದು, ತಪ್ಪಿದರೆ ಲೈಸೆನ್ಸು ರದ್ದು. ಇದನ್ನೆಲ್ಲ ನೋಡಿಕೊಳ್ಳಲು ಕದಿರಪ್ಪ ಎಂಬ ಪೊಲೀಸನನ್ನು ಗಾಡಿಯ ಜೊತೆಗೆ ಕೂರಿಸಿದರು. ಕದಿರಪ್ಪ ಕೃಷ್ಣಗಿರಿಯ ಕಡೆಯವನು, ಕನ್ನಡ ತಮಿಳು ತೆಲುಗು ಮೂರರಲ್ಲೂ ಹೆದರಿಕೊಳ್ಳಬಲ್ಲ ಮನುಷ್ಯ. ಹಿಂದೊಮ್ಮೆ ಸಸ್ಪೆಂಡ್ ಆಗಿ ಬಂದಿದ್ದ, ಇನ್ನೊಮ್ಮೆ ಆಗುವ ಆಸೆ ಇರಲಿಲ್ಲ.

ದಾರಿಯ ಮೊದಲನೇ ಚೆಕ್‌ಪೋಸ್ಟಿನಲ್ಲೇ ಗ್ರಹಚಾರ ಶುರುವಾಯಿತು. ಬಿಸಿಲಿಗೆ ಬಾಳೆಲೆ ಸೊರಗಿ ಜೋತುಬಿದ್ದಿತ್ತು. ಅಲ್ಲಿನ ಅಧಿಕಾರಿ ಟೇಪು ಹಿಡಿದು ನೋಡಿದರೆ ಲೋಡು ಹನ್ನೆರಡು ಅಡಿಗೂ ಚಿಲ್ಲರೆ. ಪರ್ಮಿಟ್ಟು ನೋಡಿದರೆ ಹದಿನಾಲ್ಕು. ಆತ ಆವುಲಪ್ಪನನ್ನು ಪಕ್ಕಕ್ಕೆ ಕರೆದು, ಉಳಿದ ಬಾಯ್ಲರನ್ನು ಯಾರಿಗೆ ಮಾರಿದೆ, ನಿಜ ಹೇಳಿಬಿಡು ಎಂದು ತಮಿಳಿನಲ್ಲಿ ಮೆತ್ತಗೆ ಕೇಳಿದ. ಆವುಲಪ್ಪ ಬೆವೆತುಹೋದ. ಬಾಳೆಕಂದಿನ ಕಥೆಯನ್ನು ಎಷ್ಟು ಸಲ ಹೇಳಿದರೂ ಆತನ ಕಿವಿಗೆ ಅದು ಕಳ್ಳನ ಕಥೆಯಾಗಿಯೇ ಕೇಳಿಸಿತು. ಕೊನೆಗೆ ಪಕ್ಕದ ತೋಟದಿಂದ ಎರಡು ಹಸಿ ಕಂದು ಕಡಿದು ತಂದು ಕಟ್ಟಿದ ಮೇಲೆ, ಟೇಪು ಹದಿನಾಲ್ಕು ತೋರಿಸಿದ ಮೇಲೆ, ಆತ ಸಮಾಧಾನದಿಂದ ಮುದ್ರೆ ಒತ್ತಿದ. ಪರ್ಮಿಟ್ಟಿನ ಬಾಯ್ಲರು ಪೂರ್ತಿಯಾಗಿ ಸಿಕ್ಕಿತ್ತು. ಅಲ್ಲಿಂದ ಮುಂದೆ ಗಾಡಿಯಲ್ಲಿ ಯಾವಾಗಲೂ ಹಸಿ ಕಂದುಗಳ ಒಂದು ಹೊರೆ ಇರುತ್ತಿತ್ತು. ಚೆಕ್‌ಪೋಸ್ಟು ಕಂಡ ಕೂಡಲೇ ಆವುಲಪ್ಪ, ಕದಿರಪ್ಪ ಇಬ್ಬರೂ ಇಳಿದು ಹೊಸಾ ಕಂದು ಕಟ್ಟಿ, ಎಲೆ ನಿಮಿರಿಸಿ, ನೀರು ಚಿಮುಕಿಸಿ ಮುಂದೆ ಹೋಗುತ್ತಿದ್ದರು.

ಹೀಗೆ ಕೃಷ್ಣಗಿರಿ ದಾಟಿತು, ಸೂಳಗಿರಿಯೂ ದಾಟಿತು. ಅಲ್ಲಿ ನೋಡಿದರೆ ಮುಂದೆ ಹೆದ್ದಾರಿಯ ಮೋರಿ ಕುಸಿದು ಗಾಡಿಗಳನ್ನೆಲ್ಲ ಹಳೇ ರಸ್ತೆಗೆ ತಿರುಗಿಸಿದ್ದರು. ಹಳೇ ರಸ್ತೆ ಎಂದರೆ ಹುಣಸೇಪಾಳ್ಯ! ಆವುಲಪ್ಪನಿಗೆ ಎಂಥ ಖುಷಿಯಾಯಿತು ಗೊತ್ತೇ? ಮದುವೆಯಾದಾಗಿನಿಂದ ಹೆಂಡತಿಗೆ ತನ್ನ ಗಾಡಿಯನ್ನು ತೋರಿಸಿರಲಿಲ್ಲ. ಇವತ್ತು ಬಾಯ್ಲರು ಸಮೇತ, ಬಾಳೆಕಂದು ಸಮೇತ, ಮೆರವಣಿಗೆಯಾಗಿ ಬಾಗಿಲಿಗೇ ಹೋಗುತ್ತಿದ್ದೇನೆ ಎಂದು ಮೀಸೆ ತೀಡಿಕೊಂಡ. ಊರಿನವರೆಲ್ಲ ರಸ್ತೆಗೆ ಬಂದರು. ವರಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ಡೊಂಕಿನಲ್ಲಿ ಗಾಡಿಯ ಮೂತಿ ಮನೆಯ ಕಿಟಕಿಯ ಸಮಕ್ಕೆ ಬಂತು. ಆಗ ಎದುರಿಗೆ ಕೈ ಎತ್ತಿಕೊಂಡು ಓವರ್‌ಸಿಯರ್ ಷಣ್ಮುಗಂ ನಿಂತಿದ್ದರು.

ಷಣ್ಮುಗಂ ರಸ್ತೆ ಇಲಾಖೆಯವರು. ಮೋರಿ ರಿಪೇರಿಯಾಗುವ ತನಕ ಈ ಡೊಂಕಿನ ಜವಾಬ್ದಾರಿ ಅವರದು. ಕೆಟ್ಟ ಮನುಷ್ಯ ಎಂದು ನಾನು ಹೇಳುವುದಿಲ್ಲ, ಬಡ್ಡೀಮಗ ಒಳ್ಳೆಯವನೇ. ಆದರೆ ಕಾಗದದಲ್ಲಿ ಇದ್ದದ್ದು ಮಾತ್ರ ಅವರ ಕಣ್ಣಿಗೆ ಕಾಣುತ್ತಿತ್ತು, ಎದುರಿಗೆ ಇದ್ದದ್ದು ಕಾಣುತ್ತಿರಲಿಲ್ಲ. ಪರ್ಮಿಟ್ಟು ಓದಿದರು. ಎಡಕ್ಕೆ ಬೆಟ್ಟದ ಬಂಡೆ, ಬಲಕ್ಕೆ ಆವುಲಪ್ಪನ ಗೋಡೆ. ನಡುವೆ ಟೇಪು ಹಿಡಿಸಿದರು.

"ರಸ್ತೆ ಹನ್ನೆರಡೂವರೆ. ಲೋಡ್ ಹದಿನಾಲ್ಕು. ಮುಡಿಯಾದಪ್ಪಾ, ಆಗಲ್ಲ," ಎಂದರು.

"ಸಾರ್, ಲೋಡು ಹನ್ನೊಂದೂವರೇನೇ. ಮಿಕ್ಕಿದ್ದು ಬಾಳೆಕಂದು. ಬಿಚ್ಚಾಕ್ಬುಡ್ತೀನಿ."

"ಬಿಚ್ಚಿದ್ರೆ ಪರ್ಮಿಟ್ಟು ಬೇರೆ, ಲೋಡ್ ಬೇರೆ. ಪರ್ಮಿಟ್ ಇಲ್ಲದ ಲೋಡನ್ನ ನಾನು ಬಿಡಾಕಾಗಲ್ಲ."

"ಬಿಚ್ಚೋದು ಬ್ಯಾಡ ಬುಡಿ ಸಾರ್, ಎಲೆ ತಾನೇ ಬಾಗ್ತದಲ್ಲ?" ಎಂದಳು ಬಾಗಿಲಲ್ಲಿ ನಿಂತಿದ್ದ ವರಲಕ್ಷ್ಮಮ್ಮ. "ಗೋಡೆಗೆ ಸವರ್ಕೊಂಡು ಹೋಗ್ತದೆ."

ಷಣ್ಮುಗಂ ಪರ್ಮಿಟ್ಟನ್ನು ಅವಳ ಕಡೆಗೆ ತಿರುಗಿಸಿ ಬೆರಳಿಟ್ಟು ತೋರಿಸಿದರು. "ಇದರಲ್ಲಿ ಎಲೆ ಅಂತ ಎಲ್ಲಿದೆ ಅಮ್ಮಾ? ಉಕ್ಕಿನ ಬಾಯ್ಲರ್ ಅಂತ ಇದೆ. ಉಕ್ಕು ಬಾಗುತ್ತಾ?"

ವರಲಕ್ಷ್ಮಮ್ಮ ಎಲೆಯ ಕಡೆ ನೋಡಿದಳು, ಓವರ್‌ಸಿಯರ್ ಕಡೆ ನೋಡಿದಳು. ಅಲ್ಲಿ ಬೀಸುತ್ತಿದ್ದ ಗಾಳಿಗೆ ಉಕ್ಕು ಪಟಪಟ ಎನ್ನುತ್ತಿತ್ತು.

ಹಿಂದಕ್ಕೆ ಹೋಗಿ ಇನ್ನೊಂದು ಸಲ ಅಳೆಸಿಕೊಂಡು ಬರೋಣವೇ? ಬರಬಹುದು. ಆದರೆ ಅಳತೆ ಹೊರಟ ಜಾಗದಲ್ಲೇ ಆಗಬೇಕು, ಅಂದರೆ ಮದರಾಸಿನಲ್ಲಿ. ಮದರಾಸಿಗೆ ವಾಪಸು ಹೋಗಲು ಬೇರೆ ಪರ್ಮಿಟ್ಟು ಬೇಕು, ಆ ಪರ್ಮಿಟ್ಟು ಕೊಡುವುದಕ್ಕೆ ಮುಂಚೆ ಲೋಡನ್ನು ಅಳೆಯಬೇಕು, ಅಳತೆ ಮದರಾಸಿನಲ್ಲಿ. ಆವುಲಪ್ಪ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟುಕೊಂಡ. ಷಣ್ಮುಗಂ ಬಂಡೆಯನ್ನು ತಟ್ಟಿ ನೋಡಿದರು, ಗೋಡೆಯನ್ನು ತಟ್ಟಿ ನೋಡಿದರು.

"ಗೋಡೆ ದಪ್ಪ ಒಂದೂವರೆ ಅಡಿ. ಇದು ತೆಗೆದ್ರೆ ಕರೆಕ್ಟಾಗಿ ಹದಿನಾಲ್ಕು," ಎಂದರು. ಲೆಕ್ಕ ಹೀಗೆ ನೀಟಾಗಿ ಕೂತದ್ದಕ್ಕೆ ಅವರ ಮುಖವೆಲ್ಲ ಬೆಳಗಿತು. "ಮನೆ ಯಜಮಾನರು ಒಪ್ಪಿಗೆ ಕೊಟ್ರೆ ನಮ್ಮ ಗ್ಯಾಂಗಿನವರೇ ಕೆಡವಿ ಕೊಡ್ತಾರೆ. ಇಲ್ಲಾಂದ್ರೆ ಧರ್ಮಪುರಿ ಜಿಲ್ಲಾ ಆಫೀಸಿಂದ ಆರ್ಡರ್ ಬರಬೇಕು."

"ಯಜಮಾನಿ ನಾನು," ಎಂದಳು ವರಲಕ್ಷ್ಮಮ್ಮ. ಒಳಗೆ ಹೋಗಿ ಕುಡುಗೋಲು ತಂದು ಗೋಡೆಗೆ ಬೆನ್ನು ಕೊಟ್ಟು ಕೂತಳು. "ಯಾವನು ಮುಟ್ತಾನೋ ಮುಟ್ಲಿ. ನನ್ನ ಗಂಡ ಮನೇಲಿದ್ದ ದಿನಗಳೆಲ್ಲ ಈ ಗೋಡೇಲವೆ. ಎರಡು ಬಾಳೆಕಂದಿಗೆ ಅದನ್ನ ಕೊಡಕಾಯ್ತದಾ?"

ಆವುಲಪ್ಪ ಮುಖವನ್ನು ಬಂಡೆಯ ಕಡೆಗೆ ತಿರುಗಿಸಿಕೊಂಡ. ಕಂದು ಬಿಚ್ಚಬೇಡಿ ಎಂದು ಮದರಾಸಿನಲ್ಲಿ ಕಾಲಿಗೆ ಬಿದ್ದವನು ತಾನೇ ಎಂಬುದನ್ನು ಹೆಂಡತಿಗೆ ಹೇಳುವ ಧೈರ್ಯ ಅವತ್ತು ಅವನಿಗೆ ಬರಲಿಲ್ಲ.

ಊರಿನವರು ಸುಮ್ಮನಿರುತ್ತಾರೆಯೇ? ಒಬ್ಬೊಬ್ಬರ ತಲೆಗೆ ಒಂದೊಂದು ಉಪಾಯ. ಬಾಳೆ ತೋಟದ ಮುನಿವೆಂಕಟಪ್ಪ ಊರಿನ ಹಿರಿಯ; ಅವನು ಹೇಳಿದ, "ಕಂದುಗಳನ್ನ ಮಗ್ಗುಲಲ್ಲಿ ಕಟ್ಟೋದ್ಯಾಕ್ಲಾ, ಬಾಯ್ಲರ್ ಮ್ಯಾಗೆ ನಿಲ್ಲಿಸ್ರಿ. ಲೋಡಿಂದೂ ಆಯ್ತು, ದಾರೀನೂ ಆಯ್ತು." ಮೇಲೆ ನಿಲ್ಲಿಸಿದರು. ಕರೆಂಟಿನ ಲೈನ್‌ಮನ್ ಸೈಕಲ್ ಎಸೆದು ಓಡಿಬಂದ, ತಂತಿಗೆ ಎಲೆ ತಗುಲಿದರೆ ಊರೇ ಕತ್ತಲು ಎಂದು ಬಾಯಿಗೆ ಬಂದಂತೆ ಬೈದ. ಷಣ್ಮುಗಂ ಕೂಡ ಆಗಲ್ಲ ಎಂದು ತಲೆಯಾಡಿಸಿದರು. ಈಗ ಅಗಲ ಕಮ್ಮಿ, ಎತ್ತರ ಜಾಸ್ತಿ. ಒಂದು ತಪ್ಪಿದ್ದದ್ದು ಎರಡಾಯಿತು. ಹಿಂದಕ್ಕೆ ಮಲಗಿಸಿ ಕಟ್ಟಿದರು. ಉದ್ದ ಜಾಸ್ತಿಯಾಯಿತು, ಡೊಂಕಿನಲ್ಲಿ ಬಾಲ ತಿರುಗುವುದಿಲ್ಲ ಎಂದರು. ಕೊನೆಗೆ ಮೊದಲಿದ್ದ ಹಾಗೇ ಕಟ್ಟಿದ್ದಾಯಿತು. ಅಷ್ಟರಲ್ಲಿ ಯಾರದೋ ಹಸು ಬಂದು ಎಡಗಡೆಯ ಕಂದಿಗೆ ಬಾಯಿ ಹಾಕಿತು. ಲೋಡಿನ ಒಂದು ಭಾಗವನ್ನು ಹಸು ತಿಂದಿದೆ ಎಂದು ಮೇಲಿನವರಿಗೆ ತಿಳಿಸುವುದೋ ಬೇಡವೋ ಎಂದು ಕದಿರಪ್ಪ ದಿನವೆಲ್ಲ ಒದ್ದಾಡಿದ. ಮುನಿವೆಂಕಟಪ್ಪ ಮರುಕಪಟ್ಟು ತನ್ನ ತೋಟದಿಂದ ಇನ್ನೊಂದು ಕೊಟ್ಟ.

ಬಸ್ಸುಗಳು ಪಕ್ಕದ ಹೊಲದಲ್ಲಿ ಕುಲುಕಾಡಿಕೊಂಡು ಹೋಗಲು ಕಲಿತವು. ಗ್ಯಾಂಗಿನವರು ಹಾರೆ ಪಿಕಾಸಿ ಹುಣಸೇಮರಕ್ಕೆ ಒರಗಿಸಿ ಇಸ್ಪೀಟು ಆಡುತ್ತ ಕೂತರು. ಧರ್ಮಪುರಿಯ ಆರ್ಡರು ಬರಲಿಲ್ಲ. ಗಾಡಿ ನಿಂತೇ ಇತ್ತು.

ಈಗ ಒಂದು ವಿಚಿತ್ರ ನೋಡಿ. ಗಾಡಿಯ ಡ್ರೈವರ್ ಸೀಟು ಬಲಗಡೆ, ಮನೆಯ ಕಿಟಕಿಯೂ ಬಲಗಡೆ. ಎರಡಕ್ಕೂ ನಡುವೆ ಒಂದು ಕೈ ಚಾಚುವಷ್ಟು ದೂರ. ಷರತ್ತಿನ ಪ್ರಕಾರ ಆವುಲಪ್ಪ ಗಾಡಿ ಬಿಟ್ಟು ಹೋಗುವಂತಿಲ್ಲ. ಚೆಂಬು ಹಿಡಿದು ಹೊಲದ ಕಡೆ ಹೋಗುವಾಗ ಮಾತ್ರ ಕದಿರಪ್ಪ ತಾನು ಸ್ಟಿಯರಿಂಗ್ ಹಿಡಿದು ಕೂತು ಬಿಡುತ್ತಿದ್ದ. "ಹಂಗೇ ಒಂದು ಗಳಿಗೆ ಒಳಕ್ಕೆ ಬಂದು ಹೋಗ್ಲಿ ಕದಿರಪ್ಪಣ್ಣಾ," ಎಂದು ವರಲಕ್ಷ್ಮಮ್ಮ ಕೇಳಿದರೆ, "ಚೆಂಬು ಹಿಡ್ಕಂಡು ಮನೆಯೊಳಕ್ಕೆ ಹೋದ್ರೆ ಏನಂತ ಹೇಳ್ಲಿ ತಾಯಿ, ನನ್ನ ಕೆಲಸ ಹೋಯ್ತದೆ," ಎಂದು ಕೈ ಮುಗಿಯುತ್ತಿದ್ದ. ಹಾಗೆ ಕೈ ಮುಗಿದವನೇ ಅವಳು ಕೊಟ್ಟ ಮುದ್ದೆ ಸಾರು ಉಣ್ಣುತ್ತಿದ್ದ.

ಹೀಗಾಗಿ ಗಂಡ ಗಾಡಿಯಲ್ಲಿ, ಹೆಂಡತಿ ಕಿಟಕಿಯಲ್ಲಿ. ತಟ್ಟೆ ಕಿಟಕಿಯಿಂದ ಕಿಟಕಿಗೆ ಹೋಗುತ್ತಿತ್ತು. ಅವಳು ಒಳಗೆ ಕಾಳು ಆರಿಸುತ್ತ, ಅವನು ಸೀಟಿನ ಮೇಲೆ ಕಾಲು ಮಡಿಚಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಮಾತು. ಇಷ್ಟು ವರ್ಷ ಆಡದೆ ಉಳಿದದ್ದೆಲ್ಲ ಹೊರಗೆ ಬಂತು. ತನಗೆ ಬದನೆಕಾಯಿ ಕಂಡರೆ ಆಗುವುದಿಲ್ಲ ಎಂದು ಅವನು ಅವಳಿಗೆ ಮೊದಲ ಸಲ ಹೇಳಿದ. ಗುಡುಗಿದರೆ ತಾನು ಮಂಚದ ಕೆಳಗೆ ಮಲಗುತ್ತೇನೆ ಎಂದು ಅವಳು ಹೇಳಿ ನಾಚಿಕೊಂಡಳು. ಬಾಳೆಕಂದು ಉಳಿಸಿಕೊಂಡವನು ತಾನೇ ಎಂಬುದನ್ನೂ ಅವನು ಒಂದು ಮಧ್ಯಾಹ್ನ ಹೇಳಿಬಿಟ್ಟ.

ಅವಳು ಕಾಳು ಆರಿಸುವುದನ್ನು ನಿಲ್ಲಿಸಿದಳು. "ನಿನ್ನ ದೈವಭಕ್ತಿಗೆ ನನ್ನ ಮನೆ ಹಾಳಾಗಬೇಕಾ? ಥೂ, ನಿನ್ನ ಮಖಕ್ಕೆ," ಎಂದು ಕಿಟಕಿ ಮುಚ್ಚಿದಳು. ಸಂಜೆ ಕಾಫಿಗೆ ಮತ್ತೆ ತೆರೆದಳು. "ಗಾಡಿಗೆ ಒಳ್ಳೇದಾಗ್ಲಿ ಅಂತ ತಾನೇ ಮಾಡಿದ್ದು. ಬುಡು," ಎಂದಳು.

ಆಮೇಲೆ ಮಳೆ ಹಿಡಿಯಿತು. ತಮಿಳರ ಐಪ್ಪಸಿ ತಿಂಗಳ ಮಳೆ, ಬಿಡುವೇ ಇಲ್ಲ. ಗಾಡಿಯ ತಲೆ ಸೋರುತ್ತಿತ್ತು. ಗೋಣಿಚೀಲ ಹೊದ್ದುಕೊಂಡರೂ ಆವುಲಪ್ಪನಿಗೆ ನಡುಕ ನಿಲ್ಲಲಿಲ್ಲ. ವರಲಕ್ಷ್ಮಮ್ಮ ಕಿಟಕಿಯಿಂದ ಕೈ ಚಾಚಿ ಹಣೆ ಮುಟ್ಟಿದಳು. ಮೈ ಸುಡುತ್ತಿತ್ತು. ಮಾತು ತೊದಲುತ್ತಿತ್ತು.

"ಕದಿರಪ್ಪಣ್ಣಾ, ನಿಂಗೆ ಹೆಂಡತಿ ಮಕ್ಕಳಿಲ್ವಾ? ಒಳಕ್ಕೆ ತಂದು ಮಲಗಿಸ್ಬುಡು."

"ಅವೆ ತಾಯಿ, ಅದಕ್ಕೇ ಹೆದರ್ತಾ ಇವ್ನಿ," ಎಂದ ಕದಿರಪ್ಪ. ಅವನ ಕಣ್ಣಲ್ಲೂ ನೀರಿತ್ತು. ಅವನು ತನ್ನ ಪೊಲೀಸ್ ಕೋಟನ್ನು ಬಿಚ್ಚಿ ಆವುಲಪ್ಪನಿಗೆ ಹೊದಿಸಿದ. ಅದಕ್ಕಿಂತ ಹೆಚ್ಚಿನದನ್ನು ಮಾಡಲು ಅವನ ಕೈಲಿ ಆಗಲಿಲ್ಲ.

ಬೆಳಿಗ್ಗೆ ಷಣ್ಮುಗಂ ಕೊಡೆ ಹಿಡಿದುಕೊಂಡು ಬಂದರು. ವರಲಕ್ಷ್ಮಮ್ಮ ಮಳೆಯಲ್ಲೇ ಅವರೆದುರು ಹೋಗಿ ನಿಂತಳು.

"ಸಾರ್, ಒಂದೇ ಮಾತು ಕೇಳ್ತೀನಿ. ಡ್ರೈವರು ಗಾಡಿ ಬುಟ್ಟು ಮನೆಯೊಳಕ್ಕೆ ಬರಬಾರ್ದು. ಆಯ್ತು. ಮನೆ ಗಾಡಿಯೊಳಕ್ಕೆ ಹೋಗಬೋದಾ?"

ಷಣ್ಮುಗಂ ಕೊಡೆಯನ್ನು ಹೆಗಲಿಗೆ ಸಿಗಿಸಿಕೊಂಡು ಪರ್ಮಿಟ್ಟನ್ನು ಮುಂದೆ ಹಿಂದೆ ತಿರುಗಿಸಿ ಪೂರ್ತಿ ಓದಿದರು. ಪ್ರಾಮಾಣಿಕವಾಗಿಯೇ ಓದಿದರು. "ಮನೆ ಬಗ್ಗೆ ಇದರಲ್ಲಿ ಏನೂ ಇಲ್ಲಮ್ಮಾ," ಎಂದರು.

ಅಷ್ಟೇ. ಅವಳು ನೇರವಾಗಿ ಹುಣಸೇಮರದ ಕಡೆಗೆ ನಡೆದು ಗ್ಯಾಂಗಿನವರ ಹಾರೆ ಎತ್ತಿಕೊಂಡು ಬಂದಳು. ಒಳಗಿನಿಂದ ಕಿಟಕಿಯ ಬುಡಕ್ಕೆ ಹಾಕಿ ಮೀಟಿದಳು. ಹಸಿರು ಬಣ್ಣದ ಕಿಟಕಿ ಚೌಕಟ್ಟು ಸಮೇತ ಹೊರಗೆ ಬಿತ್ತು.

"ಏಯ್! ಏನೇ ಮಾಡ್ತಿದ್ದೀಯ?" ಆವುಲಪ್ಪ ಜ್ವರದಲ್ಲೇ ಕಿರುಚಿದ. "ಬ್ಯಾಡ ಕಣೇ! ಅದನ್ನ ಕಟ್ಟಕ್ಕೆ ಎಷ್ಟು ವರ್ಷ ಆಯ್ತು ಗೊತ್ತಿಲ್ವಾ ನಿಂಗೆ? ಬುಡೇ! ನಿನ್ನ ದಮ್ಮಯ್ಯ ಅಂತೀನಿ!"

"ನೀನು ಬಾಯ್ಮುಚ್ಕೊಂಡು ಮಲಕ್ಕೋ. ನನ್ನ ಗೋಡೆ, ನಾನು ಕೆಡವ್ತೀನಿ."

ಒಂದೊಂದು ಕಲ್ಲನ್ನೂ ಅವನು ಗುರುತಿಸಬಲ್ಲವನಾಗಿದ್ದ. ಆ ದಪ್ಪ ಕಲ್ಲು ಇಡುವಾಗ ಹೆಬ್ಬೆರಳು ಜಜ್ಜಿಹೋಗಿತ್ತು. ಆ ಚಪ್ಪಟೆ ಕಲ್ಲು ಬೇಡ ಬೇಡ ಎಂದು ಅವಳು ಜಗಳವಾಡಿದ್ದಳು. ಈಗ ಅವಳೇ ಅದನ್ನು ಎರಡೂ ಕೈಯಲ್ಲಿ ಎಳೆದು ಹಾಕುತ್ತಿದ್ದಳು, ಹಲ್ಲು ಕಚ್ಚಿಕೊಂಡು, ಮಳೆಯಲ್ಲಿ ಕೆಸರಾಗಿ. ಮುನಿವೆಂಕಟಪ್ಪ ಒಂದಷ್ಟು ಹೊತ್ತು ಬಾಯಿ ಬಿಟ್ಟುಕೊಂಡು ನೋಡಿ, ಪಂಚೆ ಎತ್ತಿ ಕಟ್ಟಿ ತಾನೂ ಕಲ್ಲಿಗೆ ಕೈ ಹಾಕಿದ. ಗ್ಯಾಂಗಿನವರು ಇಸ್ಪೀಟು ಬಿಟ್ಟು ಎದ್ದು ಬಂದರು. ಮಧ್ಯಾಹ್ನದ ಹೊತ್ತಿಗೆ ಗೋಡೆ ಇರಲಿಲ್ಲ. ನಾಲ್ಕು ಕಂಬ, ಸೂರು, ಅದರ ಕೆಳಗೆ ರಸ್ತೆಗೆ ಬಟಾಬಯಲಾದ ಮನೆ. ಮಡಕೆ, ಒಲೆ, ಗೂಟಕ್ಕೆ ನೇತುಹಾಕಿದ ಅವಳ ಸೀರೆ ಎಲ್ಲ ಊರ ಕಣ್ಣಿಗೆ ಬಿತ್ತು.

ವರಲಕ್ಷ್ಮಮ್ಮ ಯಾರ ಕಡೆಗೂ ನೋಡಲಿಲ್ಲ. ಮಂಚವನ್ನು ಎಳೆದು ತಂದು ಅದರ ತುದಿಯನ್ನು ಗಾಡಿಯ ಮೆಟ್ಟಿಲಿಗೆ ಆನಿಸಿದಳು. ಡ್ರೈವರ್ ಬಾಗಿಲು ತೆರೆದಳು. ಗಂಡನನ್ನು ಅನಾಮತ್ತಾಗಿ ಒರಗಿಸಿಕೊಂಡು, ಅವನ ಕಾಲನ್ನು ಕ್ಲಚ್ಚಿನ ಹತ್ತಿರವೇ ಬಿಟ್ಟು, ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಸೊಂಟದಿಂದ ಕೆಳಗೆ ಆವುಲಪ್ಪ ಗಾಡಿಯಲ್ಲಿದ್ದ, ಸೊಂಟದಿಂದ ಮೇಲೆ ಮನೆಯಲ್ಲಿದ್ದ. ಕದಿರಪ್ಪ ಬಗ್ಗಿ ನೋಡಿ, ಎದ್ದು ನೋಡಿ, ಕೊನೆಗೆ ಕಾಲು ಗಾಡಿಯಲ್ಲೇ ಇದೆಯಲ್ಲ ಎಂದು ನಿಟ್ಟುಸಿರು ಬಿಟ್ಟ.

"ಮೆಣಸಿನ ಸಾರು ಕುಡಿ," ಎಂದಳು ಅವಳು. ಅವನು ಕುಡಿದ. ಒಲೆಯ ಬಿಸಿ ಮುಖಕ್ಕೆ ಬಡಿಯುತ್ತಿತ್ತು. ಮೈ ಬೆವರತೊಡಗಿತು. ಅವಳು ಸೆರಗಿನಿಂದ ಅವನ ತಲೆ ಒರೆಸಿದಳು. ಮದುವೆಯಾದ ಮೇಲೆ ಹೀಗೆ ಒಂದು ದಿನವಾದರೂ ಮಲಗಿದ್ದೆನೇ ಎಂದು ಆವುಲಪ್ಪ ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಗೋಡೆ ಹೋದರೆ ಹೋಗಲಿ, ಈ ತೊಡೆ ಒಂದಿದ್ದರೆ ಸಾಕು ಎಂದು ಅವನಿಗೆ ಅನ್ನಿಸಿತು. ಕಣ್ಣು ಮುಚ್ಚಿದ.

ಆಗ ಟೇಪು ಎಳೆಯುವ ಸದ್ದು ಕೇಳಿಸಿತು.

"ಹದಿನಾಲ್ಕು!" ಎಂದು ಷಣ್ಮುಗಂ ಕೂಗಿದರು. ಮಳೆಯಲ್ಲಿ ನೆನೆಯುತ್ತಿದ್ದ ಅವರ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಬಂಡೆಯಿಂದ ಕಂಬಕ್ಕೆ ಕರೆಕ್ಟಾಗಿ ಹದಿನಾಲ್ಕು! ರಸ್ತೆ ಕ್ಲಿಯರ್! ಎಳುಂದಿರಪ್ಪಾ, ಎದ್ದೇಳು, ಗಾಡಿ ತೆಗಿ!"

ವರಲಕ್ಷ್ಮಮ್ಮ ತಲೆ ಎತ್ತಿದಳು. "ಏನ್ ಸಾರ್ ಹಂಗಂದ್ರೆ? ನಾನು ರಸ್ತೆಗೆ ಅಂತ ಕೆಡವಿದ್ನಾ? ಇವನ್ನ ಮಲಗ್ಸಕ್ಕೆ ಕೆಡವಿದ್ದು. ಜ್ವರ ಬುಟ್ಟ ಮೇಲೆ ಹೋಗ್ತಾನೆ."

"ಯಾಕೆ ಕೆಡವಿದ್ರಿ ಅಂತ ನನಗೆ ಬೇಕಾಗಿಲ್ಲಮ್ಮಾ. ಅಡ್ಡಿ ಹೋದ ಕೂಡಲೇ ಲೋಡ್ ಹೊರಡಬೇಕು ಅಂತ ಇದೆ. ನಿಂತ್ರೆ ರಸ್ತೆ ತಡೆ ಕೇಸು. ಲೈಸೆನ್ಸು ಹೋಗುತ್ತೆ," ಎಂದರು ಷಣ್ಮುಗಂ. ಸ್ವಲ್ಪ ತಗ್ಗಿದ ದನಿಯಲ್ಲಿ, "ಹೊಸೂರು ಹತ್ತಿರಾನೇ ಅಲ್ವಾ," ಎಂದೂ ಸೇರಿಸಿದರು. ಹೊಲದಲ್ಲಿ ಹೂತುಹೋಗಿದ್ದ ಬಸ್ಸಿನವರು ಹಾರನ್ ಹೊಡೆಯತೊಡಗಿದರು.

ಅವಳು ಗಂಡನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಿಡಲಿಲ್ಲ. ಆವುಲಪ್ಪನೇ ನಿಧಾನವಾಗಿ ಆ ಕೈಗಳನ್ನು ಬಿಡಿಸಿಕೊಂಡ. ಲೈಸೆನ್ಸು ಹೋದರೆ ಇಬ್ಬರೂ ಏನು ತಿನ್ನಬೇಕು? ಅವಳಿಗೂ ಅದು ಗೊತ್ತಿತ್ತು. ಮಂಚವನ್ನು ಹಿಂದಕ್ಕೆ ಎಳೆದುಕೊಂಡು, "ಮೆಲ್ಲಗೆ ಹೋಗು, ತಲೆ ತಿರುಗಿದ್ರೆ ನಿಲ್ಸು," ಎಂದಳು. ನಿಲ್ಲಿಸುವಂತಿಲ್ಲ ಎಂದು ಯಾರೂ ಹೇಳಲಿಲ್ಲ.

ಗಾಡಿ ಗುಟುರು ಹಾಕಿ ಹೊರಟಿತು. ಷಣ್ಮುಗಂ ಮಳೆಯಲ್ಲಿ ಹಿಂದೆ ಹಿಂದೆ ನಡೆಯುತ್ತ, ಬಲಗಡೆಯ ಕಂದಿನ ಮೇಲೆ ಕಣ್ಣಿಟ್ಟು, "ಮೆದುವಾ, ಮೆಲ್ಲಗೆ, ಎಲೆ ಜೋಪಾನ!" ಎಂದು ಕೈ ಬೀಸುತ್ತಿದ್ದರು. ಆವುಲಪ್ಪ ಬಾಗಿಲಿನಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದ. ಗೋಡೆ ಇದ್ದ ಜಾಗದಲ್ಲಿ ಬಾಳೆಲೆ ಹಾದುಹೋಗುತ್ತಿತ್ತು, ಒಂದೊಂದೇ ಕಂಬವನ್ನು ಮೃದುವಾಗಿ ಸವರಿಕೊಂಡು. ಕಂಬಗಳ ಆಚೆ ವರಲಕ್ಷ್ಮಮ್ಮ ನಿಂತಿದ್ದಳು. ಒದ್ದೆ ಸೀರೆ, ಕೆಸರು ಕೈ. ಅವನ ಕಡೆಗೇ ನೋಡುತ್ತಿದ್ದವಳನ್ನು ಹಾದುಹೋಗುವ ಎಲೆ ಒಂದು ಸಲ ಮರೆ ಮಾಡಿತು, ಆಮೇಲೆ ಬಾಯ್ಲರು ಪೂರ್ತಿಯಾಗಿ ಮರೆ ಮಾಡಿತು.

"ಪಾಸ್!" ಎಂದು ಷಣ್ಮುಗಂ ಕುಣಿದಾಡಿದರು. "ನೋಡಪ್ಪಾ, ಒಂದು ಎಲೆ ಕೂಡ ಹರೀಲಿಲ್ಲ!"

ಕದಿರಪ್ಪ ಎಡಗಡೆಯ ಸೀಟಿನಲ್ಲಿ ಕೋಟಿಲ್ಲದೆ ಮುದುಡಿಕೊಂಡು ಕೂತಿದ್ದ. ಆವುಲಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಮಳೆ, ಕಣ್ಣೀರು, ಬೆವರು ಯಾವುದು ಯಾವುದೋ ತಿಳಿಯುತ್ತಿರಲಿಲ್ಲ.

"ಅಳಬ್ಯಾಡ್ಲಾ, ರಸ್ತೆ ನೋಡು," ಎಂದ ಕದಿರಪ್ಪ.

"ಇವತ್ತು ಗುಡುಗ್ತದೆ ಕದಿರಪ್ಪಣ್ಣಾ," ಎಂದ ಆವುಲಪ್ಪ. "ಅವ್ಳು ಎಲ್ಲಿ ಮಲಗ್ತಾಳೆ? ಮಂಚದ ಕೆಳಗೂ ರಸ್ತೇನೇ ಅಲ್ವಾ ಈಗ?"

ಎದುರಿಗೆ ಸಾನಮಾವಿನ ಏರು ಬಂತು. ಆವುಲಪ್ಪ ಮೂಗು ಒರೆಸಿಕೊಂಡು ಗೇರು ಬದಲಿಸಿದ.